ಆಸರೆಯ ಕಾಲು ಎಲ್ಲಿರಬೇಕು: ಕುಂಡದ ಟೊಮೆಟೊಗಳೊಂದಿಗೆ ಒಂದು ಹಂಗಾಮು

ತಾರಸಿಯ ಮೇಲೆ ಆರು ಕುಂಡಗಳಲ್ಲಿ ಎತ್ತರದ ಟೊಮೆಟೊ ಬೆಳೆಸಲು ನಿರ್ಧರಿಸಿದಾಗ ಮಣ್ಣಿನ ಮಿಶ್ರಣ, ಗೊಬ್ಬರದ ಅಳತೆ, ನೀರುಣಿಸುವ ಹೊತ್ತು ಇವೆಲ್ಲದರ ಬಗ್ಗೆ ನಾನು ಬೇಕಾದಷ್ಟು ಓದಿಕೊಂಡಿದ್ದೆ. ಗಿಡ ನೆಟ್ಟಗೆ ನಿಲ್ಲಲು ಏನು ಬೇಕು ಎಂಬುದನ್ನು ಮಾತ್ರ ಆಮೇಲೆ ನೋಡಿಕೊಳ್ಳುವ ಕೆಲಸವೆಂದು ಬದಿಗಿಟ್ಟಿದ್ದೆ. ಒಂದು ಕೋಲು ಊರಿ, ದಾರದಲ್ಲಿ ಕಟ್ಟಿದರೆ ಮುಗಿಯಿತು ಎಂದು ನಂಬಿದ್ದೆ. ಸಸಿ ನೆಟ್ಟ ಒಂಬತ್ತನೆಯ ವಾರದ ಒಂದು ರಾತ್ರಿಯವರೆಗೆ ಆ ನಂಬಿಕೆಗೆ ಯಾವ ಧಕ್ಕೆಯೂ ಬರಲಿಲ್ಲ.

ನಾನು ಆರಿಸಿಕೊಂಡದ್ದು ಇಂಡಿಟರ್ಮಿನೇಟ್ ಎಂದು ಕರೆಯುವ, ತುದಿ ಎಂದೂ ನಿಲ್ಲದೆ ಬೆಳೆಯುತ್ತಲೇ ಹೋಗುವ ತಳಿ. ಟೊಮೆಟೊ ಮೂಲತಃ ಹೀಗೆಯೇ ಬೆಳೆಯುವ ಸಸ್ಯ. ಸುಮಾರು ಮೂರು ಎಲೆಗಳಿಗೊಮ್ಮೆ ಒಂದು ಹೂಗೊಂಚಲು ಬಿಟ್ಟು, ಮತ್ತೆ ಮೂರು ಎಲೆ, ಮತ್ತೊಂದು ಗೊಂಚಲು ಎಂದು ಏರುತ್ತಲೇ ಇರುತ್ತದೆ. ಒಂದು ಎತ್ತರಕ್ಕೆ ಬಂದು ತಾನೇ ನಿಂತುಬಿಡುವ ಕುಳ್ಳ ತಳಿಗಳಿಗೆ ಕಾರಣವಾದ ವಂಶವಾಹಿಯ ಬದಲಾವಣೆ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿಯೇ ಕಾಣಿಸಿಕೊಂಡದ್ದು. ಕುಳ್ಳ ತಳಿಗೆ ಗಿಡ್ಡ ಕೋಲು ಸಾಕಾಗುವ ಕಡೆ ಎತ್ತರದ ತಳಿಗೆ ಏಳೆಂಟು ಅಡಿಯ ಆಸರೆ ಬೇಕು. ಇನ್ನೊಂದು ಸಂಗತಿಯನ್ನು ನಾನು ಆಗ ಗಮನಿಸಿರಲಿಲ್ಲ. ಅವರೆ ತನ್ನ ಕುಡಿಯನ್ನೇ ಗಳಕ್ಕೆ ಸುತ್ತಿಕೊಂಡು ಏರುತ್ತದೆ, ಹೀರೆ ಬಳ್ಳಿತಂತು ಚಾಚಿ ಹಿಡಿದುಕೊಳ್ಳುತ್ತದೆ; ಟೊಮೆಟೊಗೆ ಇವೆರಡೂ ಬರುವುದಿಲ್ಲ. ಅದಕ್ಕೆ ತಂತುಗಳಿಲ್ಲ, ಸುತ್ತುವ ಸ್ವಭಾವವೂ ಇಲ್ಲ. ನೆಲದ ಮೇಲೆ ಹರಡಿ, ತಾಗಿದಲ್ಲೆಲ್ಲ ಕಾಂಡದಿಂದ ಬೇರು ಬಿಟ್ಟು ಬದುಕುವ ಗಿಡವನ್ನು ನಾವು ನಮ್ಮ ಅನುಕೂಲಕ್ಕಾಗಿ ಎತ್ತಿ ನಿಲ್ಲಿಸುತ್ತೇವೆ. ಹಾಗಾಗಿ ಅದರ ಭಾರ ಹೊರುವ ಹೊಣೆ ಪೂರ್ತಿಯಾಗಿ ನಮ್ಮದು.

ಕುಂಡಗಳು ಇಪ್ಪತ್ತು ಲೀಟರ್ ಹಿಡಿಯುವ, ತಳ ಕಿರಿದಾಗಿ ಬಾಯಿ ಅಗಲವಾದ ಪ್ಲಾಸ್ಟಿಕ್ ಕುಂಡಗಳು. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಮತ್ತು ಸ್ವಲ್ಪ ಕೆಂಪುಮಣ್ಣು ಬೆರೆಸಿ ತುಂಬಿದ್ದೆ. ಸಸಿಗಳನ್ನು ಕೆಳಗಿನ ಎಲೆಗಳನ್ನು ತೆಗೆದು, ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಹೋಗುವಂತೆ ಆಳವಾಗಿ ನೆಟ್ಟೆ; ಹೂತ ಭಾಗದಿಂದಲೂ ಬೇರು ಒಡೆದು ಗಿಡ ಬುಡದಲ್ಲಿ ಗಟ್ಟಿಯಾಗುತ್ತದೆ. ಅದೇ ದಿನ, ಅದೇ ಗುಂಡಿಯಲ್ಲಿ, ಸಸಿಯಿಂದ ನಾಲ್ಕು ಬೆರಳು ದೂರದಲ್ಲಿ ಐದಡಿಯ ಬಿದಿರು ಕೋಲನ್ನು ಕುಂಡದ ತಳ ಮುಟ್ಟುವವರೆಗೆ ಊರಿದೆ. ಕೋಲನ್ನು ನೆಡುವಾಗಲೇ ಊರಬೇಕು ಎಂಬುದು ನಾನು ಮೊದಲ ಬಾರಿಗೇ ಸರಿಯಾಗಿ ಮಾಡಿದ ಕೆಲವು ಕೆಲಸಗಳಲ್ಲಿ ಒಂದು. ತಿಂಗಳು ಕಳೆದು ಊರಿದರೆ ಕುಂಡದ ಇಕ್ಕಟ್ಟಿನಲ್ಲಿ ಹೆಣೆದುಕೊಂಡ ಬೇರುಗಳನ್ನು ಸೀಳಿಕೊಂಡೇ ಅದು ಒಳಗೆ ಹೋಗಬೇಕಾಗುತ್ತದೆ.

ಕಟ್ಟುವುದನ್ನೂ ಮೊದಮೊದಲು ಶ್ರದ್ಧೆಯಿಂದಲೇ ಮಾಡಿದೆ. ಹಳೆಯ ಹತ್ತಿ ಸೀರೆಯನ್ನು ಒಂದು ಅಂಗುಲ ಅಗಲಕ್ಕೆ ಹರಿದು ಪಟ್ಟಿ ಮಾಡಿಕೊಂಡೆ. ಪಟ್ಟಿಯನ್ನು ಮೊದಲು ಕೋಲಿಗೆ ಬಿಗಿಯಾಗಿ ಒಂದು ಸುತ್ತು ಹಾಕಿ, ಕೋಲಿಗೂ ಕಾಂಡಕ್ಕೂ ನಡುವೆ ಒಮ್ಮೆ ಅಡ್ಡ ಹಾಯಿಸಿ, ಕಾಂಡದ ಸುತ್ತ ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು, ಗಂಟನ್ನು ಕೋಲಿನ ಕಡೆಗೆ ಹಾಕುತ್ತಿದ್ದೆ. ಈ ಅಡ್ಡ ಹಾಯಿಸುವ ಮಡಿಕೆಯೇ ಕಟ್ಟಿನ ಜೀವಾಳ. ಅದು ಕೋಲಿಗೂ ಕಾಂಡಕ್ಕೂ ನಡುವೆ ಮೆತ್ತೆಯಂತೆ ಕುಳಿತು ಉಜ್ಜಾಟವನ್ನು ತಪ್ಪಿಸುತ್ತದೆ. ಒಂದು ಗಿಡಕ್ಕೆ ಮಾತ್ರ ಪಟ್ಟಿ ಮುಗಿದುಹೋಗಿ ತೆಳುವಾದ ನೈಲಾನ್ ದಾರ ಬಳಸಿದೆ. ಮೂರು ವಾರದಲ್ಲಿ ಕಾಂಡ ದಪ್ಪಗಾಗಿ, ದಾರ ಸಿಪ್ಪೆಯೊಳಗೆ ಇಳಿದು, ಅದರ ಮೇಲಿನ ಭಾಗ ಊದಿಕೊಂಡಿತ್ತು. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಸಿಪ್ಪೆಯಲ್ಲೇ ಇರುವುದರಿಂದ, ಅಲ್ಲಿ ಬಿಗಿದರೆ ಗಿಡದ ಕತ್ತು ಬಿಗಿದಂತೆಯೇ. ದಾರವನ್ನು ಬ್ಲೇಡಿನ ತುದಿಯಿಂದ ಬಿಡಿಸುವಾಗ ನನಗಾದ ಸಂಕಟ ಈಗಲೂ ನೆನಪಿದೆ.

ಎಂಟನೆಯ ವಾರದ ಹೊತ್ತಿಗೆ ಗಿಡಗಳು ಕೋಲಿನ ತುದಿ ದಾಟಿದ್ದವು. ಕೆಳಗಿನ ಎರಡು ಗೊಂಚಲುಗಳಲ್ಲಿ ಕಾಯಿ ದಪ್ಪವಾಗುತ್ತಿದ್ದವು, ಮೇಲೆ ಎಲೆ ದಟ್ಟವಾಗಿತ್ತು. ಗಾಳಿ ಬಂದಾಗ ಗಿಡದ ಜೊತೆಗೆ ಕುಂಡವೂ ಕೂದಲೆಳೆಯಷ್ಟು ಮೇಲೆದ್ದು ಕೂರುವುದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಅದರ ಅರ್ಥವನ್ನು ಹಿಡಿಯಲಿಲ್ಲ. ಇನ್ನೂ ಒಂದು ಪಟ್ಟಿ ಹೆಚ್ಚಿಗೆ ಕಟ್ಟಿ ಕೆಳಗಿಳಿದು ಹೋದೆ.

ಒಂಬತ್ತನೆಯ ವಾರದ ಆ ರಾತ್ರಿ ಮಳೆಗೆ ಮೊದಲು ಬಿರುಗಾಳಿ ಬಂತು. ಬೆಳಿಗ್ಗೆ ಮೇಲೆ ಹತ್ತಿದಾಗ ಆರರಲ್ಲಿ ಮೂರು ಕುಂಡಗಳು ಮಗುಚಿದ್ದವು. ಎರಡರಲ್ಲಿ ಕೊಂಬೆಗಳು ಮುರಿದಿದ್ದವಷ್ಟೆ. ಮೂರನೆಯದರಲ್ಲಿ ಬುಡದಿಂದ ಒಂದೂವರೆ ಅಡಿ ಮೇಲೆ ಮುಖ್ಯ ಕಾಂಡವೇ ಸೀಳಿ ಮಡಚಿಕೊಂಡಿತ್ತು. ಹಸಿರು ಕಾಯಿಗಳು ನೆಲದ ತುಂಬ ಚೆಲ್ಲಿದ್ದವು. ನೋಡಲು ಬಂದ ತಮ್ಮ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಅಕ್ಕಾ, ನೀನು ಕಟ್ಟಿದ ಒಂದು ಗಂಟೂ ಬಿಚ್ಚಿಲ್ಲ ನೋಡು, ಒಂದು ಕೋಲೂ ಮುರಿದಿಲ್ಲ. ಕೋಲು ಗಿಡದ ಜೊತೆಯಲ್ಲೇ ಮಲಗಿದೆ" ಎಂದ.

ಅವನ ಆ ಮಾತಿನಲ್ಲಿ ಇಡೀ ವಿಷಯವಿತ್ತು. ನೆಲದಲ್ಲಿ ಊರಿದ ಕೋಲು ನೆಲವನ್ನು ಹಿಡಿದುಕೊಂಡಿರುತ್ತದೆ. ಗಿಡ ವಾಲಿದರೆ ಭೂಮಿಯೇ ಅದನ್ನು ತಡೆಯುತ್ತದೆ. ಕುಂಡದಲ್ಲಿ ಊರಿದ ಕೋಲು ಗಿಡವನ್ನು ಕುಂಡಕ್ಕೆ ಕಟ್ಟುತ್ತದೆಯೇ ಹೊರತು ಬೇರಾವುದಕ್ಕೂ ಕಟ್ಟುವುದಿಲ್ಲ. ಬೀಳುವುದು ಕುಂಡವೇ ಆದಾಗ, ಅದರೊಳಗೆ ನಿಂತಿರುವ ಆಸರೆ ಎಷ್ಟು ಗಟ್ಟಿಯಾಗಿದ್ದರೂ ಅದು ಬೀಳುವವರ ಗುಂಪಿಗೇ ಸೇರಿದ್ದು. ಅಷ್ಟೇ ಅಲ್ಲ, ಕೋಲು ಗಟ್ಟಿಯಾದಷ್ಟೂ ಗಾಳಿ ತುದಿಯಲ್ಲಿ ತಳ್ಳಿದ ಬಲ ಸೋರದೆ ನೇರವಾಗಿ ಕುಂಡಕ್ಕೆ ತಲುಪುತ್ತದೆ. ನಾನು ಕಟ್ಟಿದ್ದು ಒಂದು ಸನ್ನೆಗೋಲನ್ನು.

ಅಂದು ಮಧ್ಯಾಹ್ನ ತೂಗುಕೊಕ್ಕೆಯ ತಕ್ಕಡಿ ತಂದು ಉಳಿದ ಕುಂಡಗಳನ್ನು ತೂಗಿದೆ. ಪೂರ್ತಿ ನೆನೆದ ಕುಂಡ ಹದಿನಾರು ಕಿಲೋ ಇತ್ತು. ಆಮೇಲೆ ನೀರು ಕೊಡುವ ಮುನ್ನ ಒಣಗಿದ್ದಾಗ ತೂಗಿದರೆ ಒಂಬತ್ತು ಕಿಲೋ. ತಳದ ಅಗಲ 24 ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 12. ಎಲೆಗಳ ರಾಶಿಯ ನಡುಭಾಗ ನೆಲದಿಂದ ಸುಮಾರು 120 ಸೆಂಟಿಮೀಟರ್ ಎತ್ತರದಲ್ಲಿತ್ತು. ಕುಂಡ ತನ್ನ ಅಂಚಿನ ಮೇಲೆ ಮಗುಚಲು, ತೂಕವನ್ನು 12ರಿಂದ ಗುಣಿಸಿ 120ರಿಂದ ಭಾಗಿಸಿದಷ್ಟು ಬಲ ಸಾಕು. ನೆನೆದ ಕುಂಡಕ್ಕೆ ಒಂದು ಕಿಲೋ ಆರುನೂರು ಗ್ರಾಂ ತೂಕದಷ್ಟು ತಳ್ಳುವಿಕೆ, ಒಣಗಿದ ಕುಂಡಕ್ಕೆ ಒಂದು ಕಿಲೋ ಕೂಡ ಬೇಡ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ, ಮೂರು ಕುಂಡ ಬಿದ್ದದ್ದಕ್ಕಿಂತ ಮೂರು ಕುಂಡ ನಿಂತದ್ದೇ ನನಗೆ ಆಶ್ಚರ್ಯವಾಗಿ ಕಂಡಿತು.

ಭಾರ ಹೆಚ್ಚಿಸಲು ಕುಂಡದ ತಳದಲ್ಲಿ ಕಲ್ಲು ಹಾಕಬೇಕೆಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಕಲ್ಲಿನ ಪದರ ಬೇರಿಗೆ ಸಿಗಬೇಕಾದ ಜಾಗವನ್ನು ತಿನ್ನುತ್ತದೆ. ನೀರು ನುಣ್ಣನೆಯ ಮಣ್ಣಿನಿಂದ ದೊರಗು ಕಲ್ಲಿಗೆ ಸುಲಭವಾಗಿ ಇಳಿಯದೆ ಕಲ್ಲಿನ ಮೇಲೆಯೇ ನಿಲ್ಲುವುದರಿಂದ ಜವುಗು ಪದರ ಇನ್ನಷ್ಟು ಮೇಲಕ್ಕೆ ಬರುತ್ತದೆ. ಭಾರ ಬೇಕಿದ್ದರೆ ಅದು ಕುಂಡದ ಹೊರಗಿರಲಿ.

ಎಲ್ಲಕ್ಕಿಂತ ಮೊದಲು ಮುರಿದ ಕಾಂಡವನ್ನು ಉಳಿಸಬೇಕಿತ್ತು. ಸೀಳು ಪೂರ್ತಿ ಬೇರ್ಪಟ್ಟಿರಲಿಲ್ಲ. ಮೂರನೇ ಒಂದು ಭಾಗದಷ್ಟು ಸಿಪ್ಪೆ ಮತ್ತು ಒಳತಿರುಳು ಇನ್ನೂ ಕೂಡಿಕೊಂಡಿದ್ದವು. ತಮ್ಮ ಗಿಡದ ಮೇಲ್ಭಾಗವನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದ. ನಾನು ಸೀಳಿನ ಎರಡು ಅಂಚುಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸಿ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಅದರ ಮೇಲೆ ಮೂಳೆ ಮುರಿದವರಿಗೆ ದಬ್ಬೆ ಕಟ್ಟುವಂತೆ, ಒಂದು ಗೇಣುದ್ದದ ಎರಡು ಬಿದಿರು ಸೀಳುಗಳನ್ನು ಎರಡು ಕಡೆ ಇಟ್ಟು ಬಟ್ಟೆಯಿಂದ ಬಿಗಿದೆ. ಸೀಳಿನ ಮೂಲಕ ನೀರು ಸಾಕಷ್ಟು ಏರಲಾರದು ಎಂಬ ಕಾರಣಕ್ಕೆ ಮೇಲಿನ ಎಲೆಗಳಲ್ಲಿ ಅರ್ಧದಷ್ಟನ್ನೂ, ಮನಸ್ಸಿಲ್ಲದ ಮನಸ್ಸಿನಿಂದ ಒಂದು ಕಾಯಿಗೊಂಚಲನ್ನೂ ಕತ್ತರಿಸಿ, ನಾಲ್ಕು ದಿನ ನೆರಳಿನ ಬಲೆ ಹೊದಿಸಿದೆ. ಮೊದಲ ಎರಡು ದಿನ ತುದಿ ಬಾಡಿ ತೂಗಿತು. ಮೂರನೆಯ ಬೆಳಿಗ್ಗೆ ಎದ್ದು ನಿಂತಿತ್ತು.

ಇನ್ನು ಆಸರೆಯ ವಿಚಾರ. ಈ ಬಾರಿ ನಾವು ಕುಂಡಗಳಿಂದ ಶುರು ಮಾಡಲಿಲ್ಲ, ತಾರಸಿಯಿಂದ ಶುರು ಮಾಡಿದೆವು. ತಾರಸಿಯ ಅಂಚಿನ ಕೈಪಿಡಿಗೋಡೆಯ ಮೇಲೆ ಕಬ್ಬಿಣದ ಕಟಾಂಜನವಿತ್ತು. ಅದು ಕಟ್ಟಡದ ಭಾಗ, ಅದಕ್ಕಿಂತ ಗಟ್ಟಿಯಾದ ನೆಲೆ ಅಲ್ಲಿ ಇನ್ನೊಂದಿರಲಿಲ್ಲ. ಗೋಡೆಯ ಒಳಬದಿಗೆ ಕುಂಡಗಳನ್ನು ಎರಡಡಿಗೊಂದರಂತೆ ಒಂದೇ ಸಾಲಿನಲ್ಲಿಟ್ಟೆವು. ಸಾಲಿನ ಎರಡು ಕೊನೆಗಳಲ್ಲಿ ಮತ್ತು ನಡುವೆ, ಕುಂಡಗಳ ಹೊರಗೆ, ನೆಲಕ್ಕೆ ಕಾಲೂರಿ ನಿಲ್ಲುವಂತೆ ಎಂಟಡಿಯ ಮೂರು ದಪ್ಪ ಬಿದಿರು ಗಳಗಳನ್ನು ನಿಲ್ಲಿಸಿ, ಪ್ರತಿಯೊಂದನ್ನೂ ಕಟಾಂಜನದ ಮೇಲಿನ ಮತ್ತು ಕೆಳಗಿನ ಸರಳುಗಳಿಗೆ ಎರಡು ಕಡೆ ಬಿಗಿದೆವು. ಒಂದೇ ಕಡೆ ಕಟ್ಟಿದ ಗಳ ಆ ಗಂಟಿನ ಸುತ್ತ ತೂಗಾಡುತ್ತದೆ. ಎರಡು ಕಡೆ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಗಳದ ಬುಡವನ್ನು ಗೆಣ್ಣಿನ ಸ್ವಲ್ಪವೇ ಕೆಳಗೆ ಕೊಯ್ದಿದ್ದರಿಂದ ಗೆಣ್ಣಿನ ತಡೆ ಒಳಗೆ ನೀರು ಸೇರದಂತೆ ಕಾಯಿತು. ಏಳಡಿ ಎತ್ತರದಲ್ಲಿ ಮೂರೂ ಗಳಗಳ ಮೇಲೆ ಹಾಯುವಂತೆ ಅಡ್ಡಗಳ ಇಟ್ಟು ಕತ್ತರಿ ಕಟ್ಟು ಹಾಕಿದೆವು.

ಕಟ್ಟಿ ಮುಗಿಸಿ ಒಂದು ಮೂಲೆ ಹಿಡಿದು ತಳ್ಳಿ ನೋಡಿದೆ. ಮುಂದಕ್ಕೂ ಹಿಂದಕ್ಕೂ ಅಲುಗಲಿಲ್ಲ, ಆದರೆ ಸಾಲಿನ ಉದ್ದಕ್ಕೆ ತಳ್ಳಿದರೆ ಇಡೀ ಚೌಕಟ್ಟು ವಾಲಿಕೊಂಡು ಹೋಯಿತು. ನಾಲ್ಕು ಕೋಲುಗಳ ಚೌಕ ಎಷ್ಟು ಬಿಗಿದರೂ ಮೂಲೆಗಳಲ್ಲಿ ತಿರುಗುತ್ತದೆ, ಮೂರು ಕೋಲುಗಳ ತ್ರಿಕೋನ ತಿರುಗುವುದಿಲ್ಲ. ಎರಡು ಕೊನೆಗಳಲ್ಲಿ ಮೇಲಿನ ಮೂಲೆಯಿಂದ ಪಕ್ಕದ ಗಳದ ಬುಡಕ್ಕೆ ಓರೆಗೋಲು ಕಟ್ಟಿದ ಮೇಲೆ ಚೌಕಟ್ಟು ಒಂದೇ ಮರದ ತುಂಡಿನಂತೆ ನಿಂತಿತು. ಇಡೀ ಹಂಗಾಮಿನಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಆ ಎರಡು ಓರೆಗೋಲುಗಳೇ. ಬಿದಿರು ಸ್ವಲ್ಪ ಹಸಿಯಾಗಿದ್ದುದರಿಂದ ಒಣಗುತ್ತ ಸುತ್ತಳತೆ ಕುಗ್ಗಿ, ಮೂರು ವಾರದಲ್ಲಿ ಎಲ್ಲ ಕಟ್ಟುಗಳೂ ಸಡಿಲಾದವು. ಒಮ್ಮೆ ಬಿಚ್ಚಿ ಮತ್ತೆ ಬಿಗಿಯಬೇಕಾಯಿತು.

ಆಮೇಲೆ ಕುಂಡಗಳನ್ನೂ ಚೌಕಟ್ಟಿಗೆ ಸೇರಿಸಿದೆವು. ಮೊಣಕಾಲೆತ್ತರಕ್ಕಿಂತ ಕೆಳಗೆ ಇನ್ನೊಂದು ಅಡ್ಡಗಳ ಹಾಯಿಸಿ, ಪ್ರತಿ ಕುಂಡದ ನಡುವಿಗೂ ಅಗಲವಾದ ಪಟ್ಟಿ ಸುತ್ತಿ ಅದಕ್ಕೆ ಬಿಗಿದೆವು. ಗಿಡದ ತುದಿ ಗಟ್ಟಿಯಾಗಿ ನಿಂತು ಬುಡ ಮಾತ್ರ ಜಾರಿದರೆ ಬೇರಿನ ಉಂಡೆಯೇ ಕಿತ್ತು ಬರುತ್ತದೆ. ಆದ್ದರಿಂದ ಎರಡೂ ಒಂದೇ ನೆಲೆಗೆ ಸೇರಿರಬೇಕು.

ಗಿಡಗಳನ್ನು ಇನ್ನು ಕೋಲಿಗೆ ಕಟ್ಟುವ ಬದಲು ಮೇಲಿನ ಅಡ್ಡಗಳದಿಂದ ಇಳಿಬಿಟ್ಟ ಹುರಿಗೆ ಸುತ್ತಿದೆ. ಮೊದಲು ಸೆಣಬಿನ ಹುರಿ ಬಳಸಿದ್ದೆ. ಒದ್ದೆ ಮಣ್ಣಿಗೆ ತಾಗುತ್ತಿದ್ದ ಕಡೆ ಅದು ಕೊಳೆತು, ಒಂದು ಗಿಡದ ಬುಡದಲ್ಲಿ ಕೈಯಲ್ಲೇ ಕಿತ್ತು ಬಂತು. ಅದನ್ನು ತೆಗೆದು, ಬಿಸಿಲು ತಾಳುವ, ಕಿರುಬೆರಳಿನ ಅರ್ಧ ದಪ್ಪದ ಪ್ಲಾಸ್ಟಿಕ್ ಹುರಿ ಹಾಕಿದೆ. ದಪ್ಪ ಹುರಿ ಸಿಪ್ಪೆಗೆ ಇಳಿಯುವುದಿಲ್ಲ. ಕೆಳತುದಿಯನ್ನು ಕಾಂಡಕ್ಕೆ ಬಿಗಿಯದೆ, ಒಂದು ಗಟ್ಟಿ ಎಲೆಯ ತೊಟ್ಟಿನ ಕೆಳಗೆ, ಬಿಗಿಯಾಗದ ಗಂಟಿನ ಸಡಿಲ ಕುಣಿಕೆ ಮಾಡಿ ಕೂರಿಸಿದೆ. ಇಲ್ಲಿ ಜೀರುಗುಣಿಕೆ ಹಾಕಿದರೆ ಭಾರ ಬಿದ್ದಷ್ಟೂ ಅದು ಬಿಗಿಯುತ್ತ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ, ಎರಡು ಮೂರು ಎಲೆಗಳಿಗೊಂದು ಸುತ್ತಿನಂತೆ, ಯಾವಾಗಲೂ ಒಂದೇ ದಿಕ್ಕಿಗೆ, ಹುರಿ ಎಲೆಯ ತೊಟ್ಟುಗಳ ಕೆಳಗೆ ಹಾಯುವಂತೆ ಸುತ್ತುತ್ತಿದ್ದೆ. ಹೂಗೊಂಚಲಿನ ತೊಟ್ಟಿನ ಕೆಳಗೆ ಹುರಿ ಬರದಂತೆ ನೋಡಿಕೊಳ್ಳಬೇಕು. ಬಂದರೆ ಕಾಯಿ ತುಂಬಿದಾಗ ತೊಟ್ಟು ಅಲ್ಲೇ ಕತ್ತರಿಸುತ್ತದೆ.

ಇದಕ್ಕೊಂದು ಹೊತ್ತೂ ಇದೆ. ಬೆಳಗಿನ ಜಾವ ಕಾಂಡ ನೀರು ತುಂಬಿಕೊಂಡು ಬಿರುಸಾಗಿರುತ್ತದೆ, ಸ್ವಲ್ಪ ಬಗ್ಗಿಸಿದರೂ ಟಪ್ಪನೆ ಮುರಿಯುತ್ತದೆ. ನನ್ನ ಕೈಯಲ್ಲೇ ಎರಡು ತುದಿಗಳು ಹಾಗೆ ಹೋದವು. ಬಿಸಿಲಿಗೆ ಒಂದಿಷ್ಟು ನೀರು ಕಳೆದುಕೊಂಡ ಇಳಿಹೊತ್ತಿನಲ್ಲಿ ಅದೇ ಕಾಂಡ ಹೇಳಿದಂತೆ ಕೇಳುತ್ತದೆ. ಎಲೆ ಒದ್ದೆಯಾಗಿದ್ದಾಗ ಮಾತ್ರ ಯಾವ ಹೊತ್ತಿನಲ್ಲೂ ಮುಟ್ಟುತ್ತಿರಲಿಲ್ಲ, ರೋಗ ಗಿಡದಿಂದ ಗಿಡಕ್ಕೆ ಕೈಯ ಮೂಲಕವೇ ದಾಟುತ್ತದೆ. ವಾರಕ್ಕೆ ಒಂದು ಗೇಣಿಗಿಂತ ಹೆಚ್ಚು ಏರುತ್ತಿದ್ದ ದಿನಗಳಲ್ಲಿ ಬುಧವಾರ, ಭಾನುವಾರ ಎಂದು ದಿನ ಗೊತ್ತುಮಾಡಿಕೊಂಡು ಸುತ್ತುತ್ತಿದ್ದೆ. ಅದೇ ಹೊತ್ತಿಗೆ ಎಲೆಯ ಕಂಕುಳಲ್ಲಿ ಹುಟ್ಟುವ ಪಕ್ಕದ ಕುಡಿಗಳನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ, ಒಂದು ಗಿಡಕ್ಕೆ ಒಂದೇ ಕಾಂಡ ಉಳಿಸುತ್ತಿದ್ದೆ. ಕುಡಿ ತೆಗೆಯುವುದನ್ನು ಆಸರೆಯ ಕೆಲಸವೆಂದೇ ನಾನು ಎಣಿಸುತ್ತೇನೆ. ಬಿಟ್ಟ ಪ್ರತಿ ಕುಡಿಯೂ ಗಾಳಿಗೆ ಒಡ್ಡಿದ ಇನ್ನೊಂದು ಹಾಯಿ.

ಗಿಡ ಕದಲದಂತೆ ಕಟ್ಟಿದರೆ ಕ್ಷೇಮ ಎಂಬ ಯೋಚನೆ ಆ ರಾತ್ರಿಯ ಭಯದಿಂದ ನನ್ನಲ್ಲಿ ಬೇರೂರಿತ್ತು. ಹುರಿಗಳನ್ನು ವೀಣೆಯ ತಂತಿಯಂತೆ ಬಿಗಿದಿದ್ದೆ. ಸಸ್ಯವಿಜ್ಞಾನಿ ಮಾರ್ಡೆಕೈ ಜಾಫಿ ಅವರು 1973ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದ ಮೇಲೆ ಈ ಯೋಚನೆ ಬದಲಾಯಿತು. ಕಾಂಡವನ್ನು ದಿನವೂ ಮೆಲ್ಲಗೆ ಉಜ್ಜಿದ ಗಿಡಗಳು ಹಾಗೇ ಬಿಟ್ಟ ಗಿಡಗಳಿಗಿಂತ ಕುಳ್ಳಗೆ ಮತ್ತು ದಪ್ಪಗೆ ಬೆಳೆದದ್ದನ್ನು ಅವರು ತೋರಿಸಿದ್ದರು. ಅಲುಗಾಟ ಗಿಡಕ್ಕೆ ಒಂದು ಸುದ್ದಿ. ಅದನ್ನು ಕೇಳಿ ಅದು ಕಾಂಡವನ್ನು ಗಟ್ಟಿಮಾಡಿಕೊಳ್ಳುತ್ತದೆ. ಹುರಿಗಳನ್ನು ಅಂಗೈ ಅಗಲದಷ್ಟು ತೂಗಾಡುವಂತೆ ಸಡಿಲಿಸಿದೆ. ಅಲ್ಲಿಂದ ಮೇಲೆ ಬೆಳೆದ ಕಾಂಡ ಹೆಚ್ಚು ದಪ್ಪವಾಗಿ ಕಂಡಿತು. ಅದಕ್ಕೆ ಇದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ, ಆದರೆ ಮತ್ತೆ ಬಿಗಿಯಲು ಮನಸ್ಸಾಗಲಿಲ್ಲ.

ಕಾಯಿ ತುಂಬಿದ ಮೇಲೆ ಗೊಂಚಲುಗಳದ್ದೇ ಬೇರೆ ಚಿಂತೆ. ಒಂದೊಂದು ಕಾಯಿ ನೂರೈವತ್ತು ಗ್ರಾಂ ಇದ್ದು ಒಂದು ಗೊಂಚಲಿನಲ್ಲಿ ಐದು ಕಾಯಿದ್ದರೆ, ಪೆನ್ಸಿಲಿಗಿಂತ ತೆಳುವಾದ ತೊಟ್ಟಿನ ಮೇಲೆ ಮುಕ್ಕಾಲು ಕಿಲೋ ಜೋತಿರುತ್ತದೆ. ತೊಟ್ಟು ಮಡಚಿಕೊಂಡರೆ ಕಾಯಿ ಉದುರದಿದ್ದರೂ ಚಿಕ್ಕದಾಗಿಯೇ ಉಳಿಯುತ್ತದೆ. ಉಳಿದಿದ್ದ ಸೀರೆಯ ಪಟ್ಟಿಗಳಿಂದ ತೊಟ್ಟಿಲಿನಂತೆ ಜೋಲಿ ಮಾಡಿ ದೊಡ್ಡ ಗೊಂಚಲುಗಳನ್ನು ಹುರಿಗೆ ತೂಗುಹಾಕಿದೆ. ಒಮ್ಮೆ ಹಾಗೆ ಬಗ್ಗಿ ಕಟ್ಟುವಾಗ ಹಳೆಯ ಕೋಲೊಂದರ ತುದಿ ಕಣ್ಣಿನ ಪಕ್ಕಕ್ಕೆ ಗೀರಿತು. ಅಂದೇ ಎಲ್ಲ ಕೋಲುಗಳ ತುದಿಗೂ ಬಟ್ಟೆಯ ಉಂಡೆ ಕಟ್ಟಿದೆ. ಎದೆಯೆತ್ತರದ ಕೋಲು ನೆಡುವವರು ಇದನ್ನು ಮೊದಲ ದಿನವೇ ಮಾಡಲಿ.

ಹದಿನೈದನೆಯ ವಾರಕ್ಕೆ ಗಿಡಗಳು ಅಡ್ಡಗಳ ಮುಟ್ಟಿದವು. ನಾಲ್ಕು ಗಿಡಗಳಲ್ಲಿ ಕೊನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು ತುದಿ ಚಿವುಟಿದೆ. ಇನ್ನೆರಡರಲ್ಲಿ ಅಡ್ಡಗಳಕ್ಕೆ ಸುತ್ತಿಟ್ಟಿದ್ದ ಹೆಚ್ಚುವರಿ ಹುರಿಯನ್ನು ಎರಡಡಿ ಇಳಿಸಿ, ಕಟ್ಟನ್ನು ಪಕ್ಕಕ್ಕೆ ಸರಿಸಿ, ಎಲೆ ಕಳೆದ ಬರಿಯ ಕೆಳಕಾಂಡವನ್ನು ಕುಂಡದ ಬಾಯಿಯ ಮೇಲೆ ಬಾಗಿಸಿ ಮಲಗಿಸಿದೆ. ಎರಡನೆಯ ವಿಧಾನದಲ್ಲಿ ಕೊಯ್ಲು ಹೆಚ್ಚು ದಿನ ಸಿಕ್ಕಿತು, ಆದರೆ ಇಳಿಸುವಾಗ ಒಬ್ಬರು ಹಿಡಿದುಕೊಳ್ಳದಿದ್ದರೆ ಕಾಂಡಕ್ಕೆ ಅಪಾಯ. ಒಬ್ಬರೇ ಇರುವವರಿಗೆ ನಾನು ತುದಿ ಚಿವುಟುವುದನ್ನೇ ಹೇಳುತ್ತೇನೆ.

ಇನ್ನೊಂದು ಬಿರುಗಾಳಿ ಹದಿನೇಳನೆಯ ವಾರದಲ್ಲಿ, ಹಾಡಹಗಲೇ ಬಂತು. ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದೆ. ಎಲೆಗಳೆಲ್ಲ ಬೆನ್ನು ತೋರಿಸಿ ಬಿಳಿಚಿದವು, ಹುರಿಗಳು ಒಂದೇ ತಾಳದಲ್ಲಿ ತೂಗಿದವು, ಕಟಾಂಜನ ಸಣ್ಣಗೆ ಕಿರುಗುಟ್ಟಿತು. ಕುಂಡಗಳು ಕದಲಲಿಲ್ಲ. ಎರಡು ಹಣ್ಣು ಉದುರಿದ್ದು ಬಿಟ್ಟರೆ ನಷ್ಟವಿರಲಿಲ್ಲ.

ಹಂಗಾಮು ಮುಗಿದ ಮೇಲೆ ಹುರಿಗಳನ್ನು ಬಿಚ್ಚಿ, ಗಿಡಗಳನ್ನು ಬುಡದಲ್ಲಿ ಕೊಯ್ದು ತೆಗೆದೆ. ದಬ್ಬೆ ಕಟ್ಟಿದ್ದ ಕಾಂಡವನ್ನು ಮಾತ್ರ ಆ ಗಾಯದ ಜಾಗದಲ್ಲೇ ಅಡ್ಡ ಕೊಯ್ದು ನೋಡಿದೆ. ಹೊರಗೆ ಗಂಟಿನಂತೆ ಊದಿಕೊಂಡಿದ್ದ ಆ ಭಾಗ ಮೇಲಿನ, ಕೆಳಗಿನ ಕಾಂಡಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ದಪ್ಪವಿತ್ತು. ಒಳಗೆ ಸೀಳಿನ ಗುರುತು ಕಂದು ಗೆರೆಯಾಗಿ ಉಳಿದು, ಅದರ ಸುತ್ತ ಹೊಸ ನಾರು ಗಟ್ಟಿಯಾಗಿ ಕೂಡಿತ್ತು. ಚೌಕಟ್ಟನ್ನು ಬಿಚ್ಚಲಿಲ್ಲ. ಗಳಗಳನ್ನು ಸಾಬೂನು ನೀರಿನಲ್ಲಿ ಒರೆಸಿ, ಕಟ್ಟುಗಳನ್ನು ಇನ್ನೊಮ್ಮೆ ಬಿಗಿದು, ಮುಂದಿನ ಸಸಿಗಳಿಗೆ ಮಣ್ಣು ತುಂಬುವ ಮೊದಲೇ ಖಾಲಿ ಕುಂಡಗಳನ್ನು ಅದರ ಕೆಳಗೆ ಸಾಲಾಗಿಟ್ಟು ನಡುಪಟ್ಟಿ ಕಟ್ಟಿದ್ದೇನೆ.